ದರದ ಮಾತು ಬಿಟ್ಟು ನಮೂನೆ ಹಿಡಿದೆವು: ಕಾರ್ಪೊರೇಟ್ ಪ್ರಯಾಣ ಸಂಘದ ಕೆಲಸ

ನಮ್ಮ ಸಂಘಕ್ಕೆ ಹೊಸದಾಗಿ ಸೇರುವ, ತಮ್ಮ ಕಂಪನಿಯ ನೌಕರರ ಪ್ರಯಾಣ ನೋಡಿಕೊಳ್ಳುವ ಟ್ರಾವೆಲ್ ಮ್ಯಾನೇಜರ್‌ಗಳು ಸಾಮಾನ್ಯವಾಗಿ ಕೇಳುವುದು ಒಂದೇ: ಎಲ್ಲರೂ ಒಟ್ಟಾಗಿ ಹೋಟೆಲ್, ವಿಮಾನದ ದರ ಇಳಿಸಿಕೊಳ್ಳಬಾರದೇಕೆ? ಪೈಪೋಟಿಯಲ್ಲಿರುವ ಕಂಪನಿಗಳು ಒಂದೆಡೆ ಕೂತು ದರ ಮಾತಾಡಿಕೊಂಡರೆ ಅಮೆರಿಕದಲ್ಲಿ 1890ರ ಶರ್ಮನ್ ಕಾಯ್ದೆ, ಯುರೋಪಿನಲ್ಲಿ ಐರೋಪ್ಯ ಒಕ್ಕೂಟದ ಕಾರ್ಯನಿರ್ವಹಣಾ ಒಪ್ಪಂದದ 101ನೇ ವಿಧಿ ಅಡ್ಡ ಬರುತ್ತದೆ. ಹಾಗಾಗಿ ಸಂಘದ ಕೈಯಲ್ಲಿ ಉಳಿಯುವುದು ವ್ಯಾಖ್ಯೆ, ನಮೂನೆ, ಪರೀಕ್ಷಾ ಪಟ್ಟಿ. ನೀರಸ ಕೆಲಸವೇ. ಆದರೆ ನಮ್ಮಿಂದ ಏನಾದರೂ ಬದಲಾಗಿದ್ದರೆ ಅಲ್ಲಿಂದಲೇ.

ಮೊದಲು ಸಭೆಯ ಶಿಸ್ತು. ಕಾರ್ಯಸೂಚಿಯನ್ನು ವಕೀಲರು ನೋಡಿದ ಮೇಲಷ್ಟೇ ಕಳಿಸುತ್ತೇವೆ. ಯಾರಾದರೂ "ಆ ಹೋಟೆಲ್ ನಮಗೆ ಇಷ್ಟಕ್ಕೆ ಕೊಡ್ತದೆ" ಎಂದು ಬಾಯಿಬಿಟ್ಟರೆ ಅಧ್ಯಕ್ಷರು ಅಲ್ಲೇ ತಡೆದು, ತಡೆದದ್ದನ್ನೂ ನಡಾವಳಿಯಲ್ಲಿ ಬರೆಸುತ್ತಾರೆ. ಸಮೀಕ್ಷೆಯ ಅಂಕಿಗಳಿಗೆ ಕನಿಷ್ಠ ಐವರು ಮಾಹಿತಿ ಕೊಟ್ಟಿರಬೇಕು, ಒಬ್ಬರ ಪಾಲು ಶೇ. 25 ಮೀರಬಾರದು, ಮಾಹಿತಿ ಮೂರು ತಿಂಗಳಿಗಿಂತ ಹಳೆಯದಿರಬೇಕು. ಈ ಅಳತೆಗೆ ಮೂಲವಾದ ಅಮೆರಿಕದ ಮಾರ್ಗಸೂಚಿಯನ್ನು 2023ರಲ್ಲಿ ಹಿಂಪಡೆದರು. ಹಾಗಾಗಿ ಇಷ್ಟು ಪಾಲಿಸಿದರೆ ಸಾಕು ಅನ್ನುವ ಹಾಗಿಲ್ಲ, ಇದು ಕನಿಷ್ಠ ಮಾತ್ರ.

ಹೆಚ್ಚು ಜಗಳ ನಡೆದದ್ದು ಟಿಕೆಟ್, ಹೋಟೆಲ್ ಕಾದಿರಿಸಿಕೊಡುವ ಟ್ರಾವೆಲ್ ಏಜೆನ್ಸಿಗಳ ಶುಲ್ಕದ ಮೇಲೆ. 1995ರಲ್ಲಿ ಅಮೆರಿಕದ ಡೆಲ್ಟಾ ಏರ್‌ಲೈನ್ಸ್ ದೇಶದೊಳಗಿನ ಹೋಗಿಬರುವ ಟಿಕೆಟ್‌ಗೆ ಏಜೆನ್ಸಿಗೆ ಕೊಡುವ ಕಮಿಷನ್ 50 ಡಾಲರ್ ದಾಟದಂತೆ ಮಿತಿ ಹಾಕಿತು. 2002ರಲ್ಲಿ ಅಮೆರಿಕದ ದೊಡ್ಡ ವಿಮಾನ ಸಂಸ್ಥೆಗಳು ಮೂಲ ಕಮಿಷನ್ನನ್ನೇ ನಿಲ್ಲಿಸಿದವು. ಏಜೆನ್ಸಿಗಳು ಗ್ರಾಹಕರಿಂದ ಶುಲ್ಕ ಪಡೆಯತೊಡಗಿದರೂ ಹಿಂಬಾಗಿಲ ವರಮಾನ ನಿಲ್ಲಲಿಲ್ಲ: ಬುಕಿಂಗ್ ಮೇಲೆ ಜಿಡಿಎಸ್ (ಹಲವು ವಿಮಾನ ಸಂಸ್ಥೆ, ಹೋಟೆಲ್‌ಗಳ ದರಗಳನ್ನು ಏಜೆನ್ಸಿಗೆ ಒಂದೆಡೆ ತೋರಿಸುವ ಬುಕಿಂಗ್ ಜಾಲ) ಕೊಡುವ ಪ್ರೋತ್ಸಾಹಧನ, ಮಾರಾಟದ ಗುರಿ ಮುಟ್ಟಿದರೆ ವಿಮಾನ ಸಂಸ್ಥೆಯ ಬೋನಸ್, ಹೋಟೆಲ್ ಕಮಿಷನ್, ಕಾರ್ಡ್ ರಿಬೇಟು. ನಾವು ಮಾಡಿದ್ದು ಒಂದು ಪುಟದ ಘೋಷಣಾ ನಮೂನೆ. ಪ್ರತಿ ಮೂಲದೆದುರು ಮೂರೇ ಆಯ್ಕೆ: ಬರುವುದಿಲ್ಲ, ಬರುತ್ತದೆ ಮತ್ತು ಗ್ರಾಹಕರಿಗೆ ವರ್ಗಾಯಿಸುತ್ತೇವೆ, ಬರುತ್ತದೆ ಮತ್ತು ಇಟ್ಟುಕೊಳ್ಳುತ್ತೇವೆ. ಮೊತ್ತ ಬರೆಯಲು ಜಾಗವನ್ನೇ ಇಟ್ಟಿಲ್ಲ. ಅದು ಗ್ರಾಹಕ ಮತ್ತು ಏಜೆನ್ಸಿ ನಡುವಿನ ಮಾತು.

ಅದೇ ನಮೂನೆಯ ಹಿಂಬದಿಗೆ 'ಏಜೆಂಟ್ ನೆರವಿನ ಬುಕಿಂಗ್' ಅಂದರೆ ಏನು ಎಂದು ಬರೆಯಬೇಕಾಯಿತು. ಆನ್‌ಲೈನ್ ಬುಕಿಂಗ್‌ಗೆ ಅಗ್ಗದ ಶುಲ್ಕ ತೋರಿಸಿ, ಏಜೆಂಟ್ ಕೈ ಹಾಕಿದರೆ ಹಲವು ಪಟ್ಟು ಬರೆಯುವುದು ಇಲ್ಲಿನ ಹಳೆಯ ಪಟ್ಟು. ವಿಮಾನ ಸಂಸ್ಥೆಯೇ ವೇಳೆ ಬದಲಿಸಿದಾಗ ಏಜೆಂಟ್ ಟಿಕೆಟ್ ಮತ್ತೆ ನೀಡಿದರೆ ಒಬ್ಬರು ಅದನ್ನು ನೆರವು ಎಂದು ಎಣಿಸುತ್ತಾರೆ, ಇನ್ನೊಬ್ಬರು ಎಣಿಸುವುದಿಲ್ಲ. ಹೀಗಿದ್ದರೆ ಎರಡು ಟೆಂಡರ್‌ಗಳ ಹೋಲಿಕೆಗೆ ಅರ್ಥವೇ ಇಲ್ಲ. ಪ್ರಯಾಣಿಕ ಕೇಳಿದ ಬದಲಾವಣೆ ಮಾತ್ರ ನೆರವು, ಸರಬರಾಜುದಾರರಿಂದಾದದ್ದು ಅಲ್ಲ ಎಂದು ಗೆರೆ ಎಳೆದೆವು.

ಹೋಟೆಲ್ ವಿಷಯದಲ್ಲಿ ಒಪ್ಪಂದಕ್ಕಿಂತ, ಒಪ್ಪಿದ ದರ ಬುಕಿಂಗ್ ವ್ಯವಸ್ಥೆಗೆ ಲೋಡ್ ಆಗುವಲ್ಲೇ ಸೋರಿಕೆ ಹೆಚ್ಚು. ಒಪ್ಪಂದದ ದರದ ಕೋಡ್ ಹಾಕಿ ಮುಂದಿನ 14, 30, 90ನೇ ದಿನಗಳಿಗೆ ಹುಡುಕಿ ನೋಡುವುದು ನಮ್ಮ ಪದ್ಧತಿ. ಉಪಾಹಾರ ಸೇರಿರುವುದಿಲ್ಲ, ರದ್ದತಿ ಗಡುವು ಬೇರೆ ಇರುತ್ತದೆ, ಕೊನೆಯ ಕೋಣೆಯವರೆಗೂ ಒಪ್ಪಂದದ ದರ ಕೊಡಬೇಕೆಂಬ ಷರತ್ತಿದ್ದರೂ ಬೇಡಿಕೆಯ ದಿನಗಳಲ್ಲಿ ಕೋಡ್ ಮಾಯವಾಗಿರುತ್ತದೆ. ಟೆಂಡರ್‌ನಲ್ಲಿ ಸೋತ ಹೋಟೆಲ್ ಹಳೆಯ ಕೋಡನ್ನು ತೆಗೆಸದೆ ಪಟ್ಟಿಯಲ್ಲೇ ತಳವೂರುವುದೂ ಉಂಟು. ಅದರಿಂದ, ಗೆದ್ದ ಹೋಟೆಲಿಗೆ ಕೊಟ್ಟ ಮಾತಿನಷ್ಟು ಕೋಣೆಗಳು ಭರ್ತಿಯಾಗದೆ ಮುಂದಿನ ವರ್ಷ ದರ ಏರುತ್ತದೆ. ತಪ್ಪು ಸರಿಪಡಿಸಲು ಗಡುವನ್ನು ಟೆಂಡರ್ ನಮೂನೆಯಲ್ಲೇ ಬರೆದಿಡಿ. ಆಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.

ವಿಮಾನ ಪ್ರಯಾಣ ಹೊರಸೂಸುವ ಇಂಗಾಲದ ಲೆಕ್ಕದಲ್ಲಿ ಯಾವ ವಿಧಾನ ಬಳಸಿದಿರಿ, ಸೀಟಿನ ದರ್ಜೆಗೆ ಎಷ್ಟು ತೂಕ ಕೊಟ್ಟಿರಿ ಎಂಬೆರಡನ್ನು ವರದಿಯಲ್ಲಿ ಕಡ್ಡಾಯ ಮಾಡಿದರೆ ಸದ್ಯಕ್ಕೆ ಸಾಕು.

ಈಗ ತಲೆನೋವು ಎನ್‌ಡಿಸಿಯದು, ಅಂದರೆ ವಿಮಾನ ಸಂಸ್ಥೆಗಳು ತಮ್ಮ ದರ, ಸೇವೆಗಳನ್ನು ಏಜೆನ್ಸಿಗಳಿಗೆ ನೇರವಾಗಿ ತಲುಪಿಸಲು ಬಳಸುವ ದತ್ತಾಂಶ ಮಾನದಂಡದ್ದು. ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಸಂಘ ಐಎಟಿಎ 2012ರಲ್ಲಿ 787ನೇ ನಿರ್ಣಯದಿಂದ ಇದಕ್ಕೆ ಬುನಾದಿ ಹಾಕಿತು. 2015ರಲ್ಲಿ ಜರ್ಮನಿಯ ಲುಫ್ತಾನ್ಸಾ ವಿಮಾನ ಗುಂಪು ಜಿಡಿಎಸ್ ಬುಕಿಂಗ್ ಮೇಲೆ 16 ಯುರೋ ಹೆಚ್ಚುವರಿ ಶುಲ್ಕ ಹಾಕಿದಾಗ ಖರೀದಿದಾರರಿಗೆ ಇದರ ಬಿಸಿ ತಟ್ಟಿತು. ಎನ್‌ಡಿಸಿ ಸಾಫ್ಟ್‌ವೇರ್ ಮಾರುವವರಲ್ಲಿ ಯಾರು ಬೇಕಾದರೂ ಬುಕಿಂಗ್ ಮಾಡಿ ಚೆನ್ನಾಗಿ ತೋರಿಸುತ್ತಾರೆ. ಎಡವುವುದು ಟಿಕೆಟ್ ನೀಡಿದ ಮೇಲೆ. ಪ್ರಯಾಣಿಕ ವಿಮಾನ ಸಂಸ್ಥೆಯ ಆ್ಯಪ್‌ನಲ್ಲಿ ವಿಮಾನ ಬದಲಿಸಿಕೊಂಡರೆ ಆರ್ಡರ್ ಅಲ್ಲಿ ಬದಲಾಗುತ್ತದೆ, ಏಜೆನ್ಸಿಯ ದಾಖಲೆಯಲ್ಲಿ ಹಳೆಯ ವಿಮಾನವೇ ಉಳಿಯಬಹುದು. ಭೂಕಂಪವಾದ ದಿನ ಆ ಊರಲ್ಲಿ ನಮ್ಮವರು ಯಾರಿದ್ದಾರೆ ಎಂದು ಟ್ರ್ಯಾಕಿಂಗ್ ತೆರೆ ನೋಡಿದರೆ ಅವರು ಬೇರೆ ಊರಿನಲ್ಲಿರುವಂತೆ ತೋರುತ್ತದೆ.

ಆದ್ದರಿಂದ ನಮ್ಮ ಪರೀಕ್ಷಾ ಪಟ್ಟಿ ಬುಕಿಂಗ್‌ನಿಂದ ಶುರುವಾಗುವುದೇ ಇಲ್ಲ. ಅದೇ ದಿನ ರದ್ದು, ಎರಡು ಹಂತದ ಪ್ರಯಾಣದಲ್ಲಿ ಎರಡನೆಯದನ್ನು ಮಾತ್ರ ಬದಲಿಸುವುದು, ವಿಮಾನ ಸಂಸ್ಥೆಯ ವೇಳೆ ಬದಲಾವಣೆ, ಬಳಸದ ಟಿಕೆಟ್‌ನ ಮೌಲ್ಯವನ್ನು ಹೊಸ ಟಿಕೆಟ್‌ಗೆ ಹಚ್ಚುವುದು, ಸೀಟು ಶುಲ್ಕದ ಮರುಪಾವತಿ, ಇವು ಮೊದಲು. ಪ್ರತಿಯೊಂದರಲ್ಲೂ ನೋಡುವ ಜಾಗ ಮೂರು: ಏಜೆನ್ಸಿ ದಾಖಲೆ, ಖರ್ಚಿನ ವರದಿ, ಟ್ರ್ಯಾಕಿಂಗ್ ತೆರೆ. ಮೂರೂ ತಾಳೆಯಾದರಷ್ಟೇ ಪಾಸು. ಮಾರಾಟಗಾರರು ಸಾಮಾನ್ಯವಾಗಿ ಮೊದಲನೆಯದನ್ನಷ್ಟೇ ತೋರಿಸಿ ಮುಗಿಸಲು ನೋಡುತ್ತಾರೆ. ಫಲಿತಾಂಶವನ್ನು ಸಾಫ್ಟ್‌ವೇರ್ ಆವೃತ್ತಿಯ ಸಂಖ್ಯೆ, ದಿನಾಂಕ ಸಮೇತ ಎಲ್ಲ ಸದಸ್ಯರಿಗೂ ಒಟ್ಟಿಗೆ ಕಳಿಸುತ್ತೇವೆ. ಆವೃತ್ತಿ ಬದಲಾದರೆ ಹಳೆಯ ಪಾಸು ರದ್ದು.