ಪಿಜಿಡಬ್ಲ್ಯೂಪಿ ಹಾಕೋ ಮುಂಚೆ ಕ್ಯಾಲೆಂಡರ್ ಒಂದ್ಸಲ ನೋಡ್ಕೊಳ್ಳಿ

ಪ್ರತಿ ವರ್ಷ ಏಪ್ರಿಲ್ ಕೊನೇಲಿ ಒಂದ್ಸಲ, ಡಿಸೆಂಬರ್ ಕೊನೇಲಿ ಒಂದ್ಸಲ ನನ್ ಫೋನಿಗೆ ಒಂದೇ ಥರ ಮೆಸೇಜ್‌ಗಳು ಬರ್ತವೆ, "ಅಣ್ಣಾ ಕೋರ್ಸ್ ಮುಗೀತು, ಈಗೇನ್ ಮಾಡ್ಲಿ" ಅಂತ. ನಾನೂ ಇದೇ ದಾರೀಲಿ ಕೆನಡಾಗೆ ಬಂದು ಮಿಸ್ಸಿಸಾಗಾದಲ್ಲಿ ನೆಲೆ ನಿಂತೋನು, ಅದಕ್ಕೆ ಒಬ್ಬೊಬ್ರಿಗೂ ಅದನ್ನೇ ಟೈಪ್ ಮಾಡೋ ಬದ್ಲು ಒಂದೇ ಕಡೆ ಬರ್ದಿಡ್ತಿದೀನಿ. ಇಲ್ಲಿ ಓದು ಮುಗ್ಸಿದೋರಿಗೆ ಸಿಗೋ ಪೋಸ್ಟ್ ಗ್ರಾಜುಯೇಷನ್ ವರ್ಕ್ ಪರ್ಮಿಟ್ (ಪಿಜಿಡಬ್ಲ್ಯೂಪಿ) ಬಗ್ಗೆ ಮಾತ್ರ ಇದು. ನಾನು ಲಾಯರ್ ಅಲ್ಲ, ಕನ್ಸಲ್ಟೆಂಟೂ ಅಲ್ಲ. 2024ರಿಂದ ಈಚೆಗೆ ರೂಲ್ಸ್ ಎಷ್ಟ್ ಸಲ ಬದಲಾದ್ವು ಅಂದ್ರೆ ಎರಡು ವರ್ಷ ಹಿಂದೆ ಪರ್ಮಿಟ್ ತಗೊಂಡ ನಿಮ್ ರೂಮ್‌ಮೇಟ್ ಹೇಳೋದೂ ಇವತ್ತಿಗೆ ತಪ್ಪಾಗಿರ್ಬಹುದು, ಹಾಗಾಗಿ ಅಪ್ಲೈ ಮಾಡೋ ದಿನ ಐಆರ್‌ಸಿಸಿ, ಅಂದ್ರೆ ಕೆನಡಾ ಇಮ್ಮಿಗ್ರೇಷನ್ ಇಲಾಖೆ ಸೈಟ್ ಒಂದ್ಸಲ ನೀವೇ ಓದಿ.

ನಮ್ ಹುಡುಗ್ರು ಫಾರ್ಮ್ ನೋಡಿ ಹೆದರ್ತಾರೆ. ಫಾರ್ಮಲ್ಲಿ ಏನೂ ಇಲ್ಲ ಕಣ್ರೀ, ಒಂದು ಸಂಜೆ ಕೂತ್ರೆ ಮುಗ್ಯುತ್ತೆ. ಕೈ ಕೊಡೋದು ತಾರೀಖು.

ಕಾಲೇಜು ನಿಮ್ಗೆ ಕೋರ್ಸ್ ಮುಗೀತು ಅಂತ ಬರವಣಿಗೇಲಿ ಮೊದಲು ಯಾವತ್ತು ತಿಳ್ಸುತ್ತೋ, ಅದು ಕಂಪ್ಲೀಷನ್ ಲೆಟರ್ ಇರ್ಲಿ, ಫೈನಲ್ ಮಾರ್ಕ್ಸ್ ಇರ್ಲಿ, ಆವತ್ತಿಂದ ಎರಡು ಗಡಿಯಾರ ಒಟ್ಟಿಗೆ ಓಡೋಕೆ ಶುರು ಆಗ್ತವೆ. ಒಂದು 180 ದಿನದ್ದು, ಪರ್ಮಿಟ್‌ಗೆ ಅಪ್ಲೈ ಮಾಡೋಕೆ. ಇನ್ನೊಂದು 90 ದಿನದ್ದು, ಇದನ್ನ ಯಾರೂ ಹೇಳಲ್ಲ. ಸ್ಟಡಿ ಪರ್ಮಿಟ್ ಮೇಲೆ ಯಾವ್ದೇ ತಾರೀಖು ಪ್ರಿಂಟ್ ಆಗಿರ್ಲಿ, ಕೋರ್ಸ್ ಮುಗಿದು 90 ದಿನ ಆದ್ರೆ ಅದರ ಕಥೆ ಮುಗೀತು, ಪ್ರಿಂಟ್ ಆದ ತಾರೀಖು ಅದಕ್ಕಿಂತ ಮುಂಚೆ ಬಂದ್ರೆ ಆವತ್ತೇ ಮುಗೀತು. ಅಂದ್ರೆ 180 ದಿನ ಇದೆ ಅಂತ ಆರಾಮಾಗಿ ಕೂತ್ಕೊಂಡ್ರೆ ಅರ್ಧ ದಾರೀಲೇ ನಿಮ್ ಸ್ಟೇಟಸ್ ಹೋಗಿರುತ್ತೆ, ಆಮೇಲೆ ಹೋದ ಸ್ಟೇಟಸ್ ವಾಪಸ್ ಕೇಳೋಕೆ ರೆಸ್ಟೊರೇಷನ್ ಅಂತ ಬೇರೆ ದುಡ್ಡು ಕಟ್ಟಿ ಕಾಯ್ಬೇಕು, ಇಲ್ಲಾ ದೇಶ ಬಿಟ್ಟು ಹೋಗಿ ಅಲ್ಲಿಂದ ಅಪ್ಲೈ ಮಾಡ್ಬೇಕು.

ತುಮಕೂರು ಕಡೆ ಹುಡುಗ ಒಬ್ಬ ಡಿಸೆಂಬರ್‌ನಲ್ಲಿ ಮುಗ್ಸಿದ, ಜನವರೀಲಿ ಲೆಟರ್ ಬಂತು, ಇವ್ನು ಜೂನ್‌ನಲ್ಲಿ ಕಾನ್ವೊಕೇಷನ್ ಆಗ್ಲಿ, ಅಪ್ಪ ಅಮ್ಮ ಬರ್ತಾರೆ, ಸರ್ಟಿಫಿಕೇಟ್ ಕೈಗೆ ಬಂದ್ಮೇಲೆ ಹಾಕಿದ್ರಾಯ್ತು ಅಂತ ಕೂತ. ಅಷ್ಟೂ ತಿಂಗಳು ಅಂಗಡಿ ಕೆಲ್ಸಕ್ಕೆ ಬೇರೆ ಹೋಗ್ತಿದ್ದ. ನನ್ ಹತ್ರ ಬಂದಾಗ ಮೇ ತಿಂಗಳು. ಕಾನ್ವೊಕೇಷನ್‌ಗೂ ಈ ಪರ್ಮಿಟ್‌ಗೂ ಸಂಬಂಧವೇ ಇಲ್ಲ ಅಂತ ಅವ್ನಿಗೆ ಯಾರೂ ಹೇಳಿರ್ಲಿಲ್ಲ. ರೆಸ್ಟೊರೇಷನ್ ಹಾಕಿದ್ವಿ, ರಿಜೆಕ್ಟ್ ಆಯ್ತು.

ಈ ಕೆಲ್ಸದ ವಿಷ್ಯ ಬಿಡ್ಸಿ ಹೇಳ್ಬೇಕು. ಓದ್ತಿರೋವಾಗ ಕ್ಯಾಂಪಸ್ ಹೊರಗೆ ವಾರಕ್ಕೆ 24 ಗಂಟೆ ಮಾಡ್ಬಹುದು, ಕೋರ್ಸ್ ಮುಗೀತು ಅಂತ ಕನ್ಫರ್ಮ್ ಆದ ಕ್ಷಣ ಆ ಹಕ್ಕು ನಿಂತೋಗುತ್ತೆ. ಪಿಜಿಡಬ್ಲ್ಯೂಪಿ ಸಬ್ಮಿಟ್ ಮಾಡಿದ್ಮೇಲೆ ಮತ್ತೆ ಬರುತ್ತೆ, ಅದೂ ಈ ಸಲ ಫುಲ್ ಟೈಮ್, ಆದ್ರೆ ಸ್ಟಡಿ ಪರ್ಮಿಟ್ ಜೀವಂತ ಇದ್ದಾಗ್ಲೇ ಹಾಕಿರ್ಬೇಕು, ಮತ್ತೆ ಓದ್ತಿದ್ದಾಗ ಗಂಟೆ ಮೀರಿ ದುಡಿದಿರ್ಬಾರ್ದು. ಮಧ್ಯದ ಆ ಗ್ಯಾಪಲ್ಲಿ ಒಂದು ಶಿಫ್ಟೂ ಬೇಡ, ಮ್ಯಾನೇಜರ್ ಎಷ್ಟೇ ಕರೀಲಿ, ಬರೋಕಾಗಲ್ಲ ಅಂದ್ಬಿಡಿ. ಲೆಟರ್ ಬಂದ ದಿನವೇ ಅಪ್ಲೈ ಮಾಡಿದ್ರೆ ಗ್ಯಾಪೇ ಇರಲ್ವಲ್ಲ, ನಾನು ಎಲ್ರಿಗೂ ಹೇಳೋದು ಇದೇ.

ಹಂಗ್ ಲೆಟರ್ ದಿನವೇ ಹಾಕ್ಬೇಕು ಅಂದ್ರೆ ಎರಡು ವಿಷ್ಯ ಕೊನೇ ಸೆಮಿಸ್ಟರಲ್ಲೇ ಮುಗ್ಸಿಟ್ಕೊಂಡಿರ್ಬೇಕು. ಒಂದು ಇಂಗ್ಲಿಷ್ ಟೆಸ್ಟ್. 2024ರ ನವೆಂಬರ್ 1ರಿಂದ ಇದು ಕಡ್ಡಾಯ. ಯೂನಿವರ್ಸಿಟಿ ಡಿಗ್ರಿ, ಮಾಸ್ಟರ್ಸ್ ಮಾಡಿದೋರಿಗೆ ಸಿಎಲ್‌ಬಿ (ಭಾಷೆ ಎಷ್ಟು ಬರುತ್ತೆ ಅನ್ನೋದಕ್ಕೆ ಕೆನಡಾದ ಅಳತೆ) 7 ಬೇಕು, ಕಾಲೇಜ್ ಡಿಪ್ಲೊಮಾ ಸರ್ಟಿಫಿಕೇಟ್‌ಗಳಿಗೆ 5 ಸಾಕು. ಐಇಎಲ್‌ಟಿಎಸ್‌ನಲ್ಲಾದ್ರೆ ಸಿಎಲ್‌ಬಿ 7 ಅಂದ್ರೆ ನಾಲ್ಕರಲ್ಲೂ ತಲಾ 6. ಊರಿಂದ ಬರೋವಾಗ ಬರ್ದಿದ್ದ ಐಇಎಲ್‌ಟಿಎಸ್ ಇದೆಯಲ್ಲ ಅಂತೀರಾ, ಅದು ಬಹುತೇಕರದ್ದು ಅಕಾಡೆಮಿಕ್, ಇಲ್ಲಿ ನಡೆಯೋದು ಜನರಲ್ ಟ್ರೈನಿಂಗ್. ಸೆಲ್ಪಿಪ್ ಜನರಲ್ ಅಥ್ವಾ ಪಿಟಿಇ ಕೋರ್ ಕೂಡ ಆಗುತ್ತೆ. ರಿಸಲ್ಟ್ ಎರಡು ವರ್ಷದೊಳಗಿಂದು ಇರ್ಬೇಕು.

ಇನ್ನೊಂದು ಪಾಸ್‌ಪೋರ್ಟ್. ಮಾಸ್ಟರ್ಸ್ ಮಾಡಿದ್ರೆ, ಅದು ಎಂಟು ತಿಂಗಳ ಕೋರ್ಸ್ ಆದ್ರೂ, ಮೂರು ವರ್ಷದ ಪರ್ಮಿಟ್ ಸಿಗ್ಬೇಕು. ಎರಡು ವರ್ಷ ಅಥ್ವಾ ಜಾಸ್ತಿ ಓದಿದ್ರೂ ಮೂರು ವರ್ಷ, ಅದಕ್ಕಿಂತ ಕಮ್ಮಿ ಇದ್ರೆ ಕೋರ್ಸ್ ಎಷ್ಟು ಉದ್ದವೋ ಅಷ್ಟು. ಆದ್ರೆ ಪಾಸ್‌ಪೋರ್ಟ್ ಯಾವತ್ತು ಮುಗ್ಯುತ್ತೋ ಪರ್ಮಿಟ್ಟೂ ಅಲ್ಲಿಗೇ ಕಟ್. ಉಳಿದಿದ್ದನ್ನ ಆಮೇಲೆ ಕೇಳಿ ತಗೋಬಹುದು, ಆದ್ರೆ ಮತ್ತೆ ಅಪ್ಲಿಕೇಷನ್ನು, ಮತ್ತೆ ಕಾಯೋದು, ಯಾಕ್ ಬೇಕು ಹೇಳಿ. ಇಲ್ಲಿ ಇಂಡಿಯನ್ ಪಾಸ್‌ಪೋರ್ಟ್ ಅರ್ಜಿ ತಗೊಳ್ಳೋ ಬಿಎಲ್‌ಎಸ್ ಸೆಂಟರ್‌ನಲ್ಲಿ ಮೊದ್ಲೇ ರಿನ್ಯೂ ಮಾಡ್ಸಿ.

ಪಾಸ್‌ಪೋರ್ಟ್ ಅಂದಾಗ ನಮ್ಮೋರದ್ದೇ ಒಂದು ಪ್ರಾರಬ್ಧ ಇದೆ, ಹೆಸರು. ಸರ್‌ನೇಮ್ ಜಾಗ ಖಾಲಿ, ಗಿವನ್ ನೇಮಲ್ಲಿ ಹೆಸರು, ಅಪ್ಪನ ಹೆಸರು, ಊರಿನ ಹೆಸರು ಎಲ್ಲಾ ಒಟ್ಟಿಗೆ ಜೋಡ್ಸಿರೋದು. ಅಂಥೋರು ಕೆನಡಾ ಫಾರ್ಮಲ್ಲಿ ಪೂರ್ತಿ ಹೆಸರನ್ನ ಫ್ಯಾಮಿಲಿ ನೇಮ್ ಜಾಗದಲ್ಲಿ ಹಾಕಿ ಗಿವನ್ ನೇಮ್ ಖಾಲಿ ಬಿಡ್ಬೇಕು. ನಿಮ್ಗೆ ಯಾವ್ದು ಚೆಂದ ಅನ್ಸುತ್ತೋ ಹಂಗೆ ಒಡೆದು ಹಾಕ್ಬೇಡಿ. ಇಂಗ್ಲಿಷ್ ಟೆಸ್ಟ್ ಬುಕ್ ಮಾಡೋವಾಗ್ಲೂ ಪಾಸ್‌ಪೋರ್ಟ್ ಎದುರಿಗೆ ಇಟ್ಕೊಂಡೇ ಹೆಸರು ಹಾಕಿ, ಇನಿಷಿಯಲ್ ಬಿಡ್ಸೋದು ಹಾಕೋದು ಯಾವ್ದೂ ಬೇಡ.

ಉಳಿದ ಕಾಗದ ಜಾಸ್ತಿ ಇಲ್ಲ. ಕಂಪ್ಲೀಷನ್ ಲೆಟರು, ಟ್ರಾನ್ಸ್‌ಕ್ರಿಪ್ಟು, ಟೆಸ್ಟ್ ರಿಸಲ್ಟು, ಪಾಸ್‌ಪೋರ್ಟ್ ಕಾಪಿ, ಫೋಟೋ. ಇಲ್ಲಿಂದಾನೇ ಹಾಕೋದಾದ್ರೆ ಫಾರ್ಮ್ ಐಎಂಎಂ 5710. ಫೀಸು 155 ಡಾಲರ್, ಜೊತೆಗೆ ಓಪನ್ ವರ್ಕ್ ಪರ್ಮಿಟ್‌ದು ಅಂತ 100, ಒಟ್ಟು 255. ಆ 100 ಕಟ್ಟೋದು ಮರೆಯೋರು ಬೇಜಾನ್ ಇದಾರೆ. ಮಧ್ಯ ಯಾವ್ದಾದ್ರೂ ಸೆಮಿಸ್ಟರ್ ಪಾರ್ಟ್ ಟೈಮ್ ಆಗಿದ್ರೆ, ಕೊನೇದು ಬಿಟ್ಟು, ಮೊದ್ಲು ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಲ್ಲಿ ಮಾತಾಡಿ, ರಿಜೆಕ್ಟ್ ಆಗೋಕೆ ಅದೊಂದು ಸಾಕು. ಇನ್ನು ಕಾಲೇಜ್ ಡಿಪ್ಲೊಮಾದೋರು, ಸ್ಟಡಿ ಪರ್ಮಿಟ್‌ಗೆ 2024ರ ನವೆಂಬರ್ 1ರಂದು ಅಥ್ವಾ ಆಮೇಲೆ ಅಪ್ಲೈ ಮಾಡಿದ್ರೆ, ನಿಮ್ ಕೋರ್ಸು ಐಆರ್‌ಸಿಸಿ ಪಟ್ಟೀಲಿ ಇದೆಯಾ ನೋಡ್ಕೊಳ್ಳಿ. ಇದನ್ನ ಸೇರೋ ಮುಂಚೆನೇ ನೋಡ್ಬೇಕಿತ್ತು ನಿಜ, ಆದ್ರೆ ಊರಲ್ಲಿ ಏಜೆಂಟ್‌ಗಳು ಇದನ್ನ ಹೇಳ್ತಾರಾ.

ಏಜೆಂಟ್ ಅಂದ್ರೆ ನೆನಪಾಯ್ತು, ಈ ಅಪ್ಲಿಕೇಷನ್‌ಗೆ ದುಡ್ಡು ಕೊಟ್ಟು ಜನ ಇಡೋ ಅಗತ್ಯ ಹೆಚ್ಚಿನವ್ರಿಗಿಲ್ಲ. ನನ್ ಟೈಮಲ್ಲಿ ನಾನೇ ಒಬ್ರಿಗೆ ಕೊಟ್ಟಿದ್ದೆ, ಅವ್ರು ಕಾಲೇಜ್ ಹೆಸರೇ ತಪ್ ಹಾಕಿದ್ರು, ರಾತ್ರಿ ಕೂತು ನಾನೇ ತಿದ್ದಿದ್ದು. ಕೇಸ್ ಸ್ವಲ್ಪ ಗೋಜಲಿದೆ ಅಂದ್ರೆ ಲೈಸೆನ್ಸ್ ಇರೋ ಇಮ್ಮಿಗ್ರೇಷನ್ ಕನ್ಸಲ್ಟೆಂಟ್ (ಆರ್‌ಸಿಐಸಿ) ಅಥ್ವಾ ಲಾಯರ್ ಹತ್ರ ಹೋಗಿ, ಹೆಸರು ಅವ್ರಿಗೆ ಲೈಸೆನ್ಸ್ ಕೊಡೋ ಸಂಸ್ಥೆಯ ರಿಜಿಸ್ಟರ್‌ನಲ್ಲಿ ಹುಡುಕಿ ನೋಡಿ. ನಮ್ ಭಾಷೆ ಮಾತಾಡ್ತಾರೆ ಅನ್ನೋದು ಲೈಸೆನ್ಸ್ ಅಲ್ಲ. ಅಮೆರಿಕ ಬಾರ್ಡರ್‌ಗೆ ಹೋಗಿ ಯೂ ಟರ್ನ್ ಹೊಡ್ಕೊಂಡು ಬಂದ್ರೆ ಒಂದೇ ದಿನಕ್ಕೆ ಸಿಗುತ್ತೆ ಅಂತ ಇನ್ನೂ ಹೇಳೋರಿದಾರೆ, 2024ರ ಜೂನ್ 21ರಿಂದ ಪಿಜಿಡಬ್ಲ್ಯೂಪಿಗೆ ಅದು ಬಂದ್.

ಹಾಕಿದ್ಮೇಲೆ ಊರಿಗೆ ಹಾರೋ ಆಸೆ ಬರುತ್ತೆ, ಅಕ್ಕನ ಮದ್ವೆ, ಗೃಹಪ್ರವೇಶ, ಏನಾದ್ರೂ ಒಂದು. ಡಿಸಿಷನ್ ಬರೋವರೆಗೂ ಆದಷ್ಟು ತಡ್ಕೊಳ್ಳಿ. ಹೋಗ್ಲೇಬೇಕಂದ್ರೆ ಪಾಸ್‌ಪೋರ್ಟಲ್ಲಿರೋ ವೀಸಾ ಸ್ಟಿಕ್ಕರ್ ತಾರೀಖು ನೋಡಿ, ಯಾಕಂದ್ರೆ ವರ್ಕ್ ಪರ್ಮಿಟ್ ಕೈಲಿದ್ರೂ ಅದು ಒಳಗೆ ಬರೋ ವೀಸಾ ಅಲ್ಲ, ಎರಡೂ ಬೇರೆ.

ಪರ್ಮಿಟ್ ಬಂತು ಅಂದ್ರೆ ಫೋಟೋ ತೆಗ್ದು ಮನೆಗೆ ಕಳ್ಸೋ ಮುಂಚೆ ಮೂರು ಜಾಗ ಓದಿ, ಹೆಸರು, ಮುಗಿಯೋ ತಾರೀಖು, ಕೆಳಗಿನ ಷರತ್ತು. ಮೆಡಿಕಲ್ ಮಾಡ್ಸಿಲ್ಲ ಅಂದ್ರೆ ಆಸ್ಪತ್ರೆ, ಸ್ಕೂಲು, ಮಕ್ಕಳ ಡೇಕೇರ್ ಕಡೆ ಕೆಲ್ಸ ಮಾಡಂಗಿಲ್ಲ ಅಂತ ಬರ್ದಿರ್ತಾರೆ, ನರ್ಸಿಂಗ್, ಇಸಿಇ (ಚಿಕ್ಕ ಮಕ್ಕಳ ಶಿಕ್ಷಣ) ಓದಿದೋರಿಗೆ ಇದು ದೊಡ್ಡ ಪೆಟ್ಟು, ಅಂಥೋರು ಐಆರ್‌ಸಿಸಿ ಒಪ್ಪಿರೋ ಪ್ಯಾನೆಲ್ ಡಾಕ್ಟರ್ ಹತ್ರ ಮೊದ್ಲೇ ಮೆಡಿಕಲ್ ಮುಗ್ಸಿ ಅಪ್ಲಿಕೇಷನ್ ಜೊತೆಗೇ ಹಾಕಿ. ಆಮೇಲೆ 9ರಿಂದ ಶುರುವಾಗೋ ನಿಮ್ ಸಿನ್ (ಸೋಷಿಯಲ್ ಇನ್ಶೂರೆನ್ಸ್) ನಂಬರ್‌ಗೂ ಎಕ್ಸ್‌ಪೈರಿ ಇದೆ, ಹೊಸ ಪರ್ಮಿಟ್ ತೋರ್ಸಿ ಸರ್ವಿಸ್ ಕೆನಡಾದಲ್ಲಿ ಅದನ್ನ ಅಪ್‌ಡೇಟ್ ಮಾಡ್ಸಿ, ಪುಕ್ಸಟ್ಟೆ ಮಾಡ್ಕೊಡ್ತಾರೆ. ಒಂಟಾರಿಯೋದಲ್ಲಿರೋರು ಕನಿಷ್ಠ ಆರು ತಿಂಗಳ ಫುಲ್ ಟೈಮ್ ಕೆಲ್ಸ ಅಂತ ಕಂಪನಿಯಿಂದ ಒಂದು ಲೆಟರ್ ತಗೊಂಡು ಓಹಿಪ್ (ಒಂಟಾರಿಯೋ ಸರ್ಕಾರದ ಹೆಲ್ತ್ ಇನ್ಶೂರೆನ್ಸ್) ಕಾರ್ಡ್‌ಗೂ ಅದೇ ವಾರ ಹೋಗ್ಬನ್ನಿ, ಕಾಲೇಜಿನ ಇನ್ಶೂರೆನ್ಸ್ ಅಷ್ಟೊತ್ತಿಗೆ ಮುಗ್ದಿರುತ್ತೆ.