ಸಾಲಿನಲ್ಲಿ ಬರೆಯದೇ ಇರೋದನ್ನು ಮಕ್ಕಳಿಗೆ ಓದಿಸೋದು ಹೇಗೆ?

"ರವಿ ಎಲ್ಲಿಗೆ ಹೋದನು?" ಅಂತ ಕೇಳಿದರೆ ಮೂರನೇ ಕ್ಲಾಸಿನ ಮಕ್ಕಳು ಪಾಠದಲ್ಲಿ ಆ ಸಾಲು ಹುಡುಕಿ, ಬೆರಳಿಟ್ಟು, ಇದ್ದ ಹಾಗೇ ಓದಿ ಹೇಳುತ್ತಾರೆ. "ರವಿಗೆ ಯಾಕೆ ಬೇಜಾರಾಗಿತ್ತು?" ಅಂದರೆ ಸುಮ್ಮನಾಗುತ್ತಾರೆ. ಬೇಜಾರು ಅನ್ನೋ ಮಾತು ಪಾಠದಲ್ಲಿ ಎಲ್ಲೂ ಇರೋದಿಲ್ಲ ಅಲ್ವಾ? ಆದರೆ ಇದೇ ಮಕ್ಕಳು ಅವ್ವ ಪಾತ್ರೆ ಕುಕ್ಕೋ ಸದ್ದು ಕೇಳಿಯೇ ಅವ್ವನಿಗೆ ಸಿಟ್ಟು ಬಂದಿದೆ ಅಂತ ತಿಳಿಯುತ್ತಾರೆ. ಆ ಜಾಣತನವನ್ನು ಪುಸ್ತಕ ಹಿಡಿದಾಗಲೂ ಬಳಸಬಹುದು ಅಂತ ನಾವು ತೋರಿಸಬೇಕು.

ಮಕ್ಕಳಿಗೆ ಗೊತ್ತಿರೋ ಬದುಕಿನಿಂದಲೇ ನಾಲ್ಕು ಸಾಲು ಬೋರ್ಡಿನ ಮೇಲೆ ಬರೆಯಿರಿ. ಕೊಪ್ಪಳ, ರಾಯಚೂರು ಕಡೆ ಆದರೆ ಇಂಥದ್ದು:

"ಅವ್ವ ನಸುಕಿನಲ್ಲೇ ಎದ್ದು ರೊಟ್ಟಿ ಬಡಿದು ಬುತ್ತಿ ಕಟ್ಟಿದಳು. ಅಪ್ಪ ಹಾಸಿಗೆ ಸುತ್ತಿ ಹಗ್ಗ ಬಿಗಿದ. ಅಜ್ಜಿ ನನ್ನ ತಲೆ ಸವರಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹೊರಗೆ ಟೆಂಪೋ ಹಾರ್ನ್ ಹೊಡೆಯಿತು."

ಈಗ "ಎಲ್ಲಿಗೆ ಹೊರಟಿದ್ದಾರೆ?" ಅಂತ ಕೇಳಿ. ಒಬ್ಬರು "ಗುಳೆ" ಅಂತಾರೆ, ಅಂದರೆ ಕೂಲಿ ಹುಡುಕಿಕೊಂಡು ಬೇರೆ ಊರಿಗೆ. ಇನ್ನೊಬ್ಬರು "ಗವಿಮಠದ ಜಾತ್ರೆಗೆ" ಅನ್ನಬಹುದು. ಅದನ್ನು ತಪ್ಪು ಅಂತ ತಳ್ಳಬೇಡಿ, ಕೊಪ್ಪಳದ ಆ ಜಾತ್ರೆಯ ದಾಸೋಹಕ್ಕೆ ಊರೂರಿಂದ ರೊಟ್ಟಿ ಹೋಗೋದನ್ನು ನೋಡಿರೋ ಮಗು ಹಾಗೆ ಹೇಳಿದೆ. ಇಬ್ಬರಿಗೂ ಒಂದೇ ಪ್ರಶ್ನೆ ಹಾಕಿ: "ಹೆಂಗ ಗೊತ್ತಾತು? ಯಾವ ಸಾಲು ಹೇಳ್ತು?" ಜಾತ್ರೆಗೆ ಹಾಸಿಗೆ ಯಾಕೆ, ಅಜ್ಜಿ ಯಾಕೆ ಅತ್ತಳು ಅಂತ ಹುಡುಗರೇ ವಾದಕ್ಕೆ ಇಳಿಯುತ್ತಾರೆ. ಹೇಳಿದ ಉತ್ತರವನ್ನು ಉಳಿದ ಸಾಲುಗಳ ಜೊತೆ ಇಟ್ಟು ನೋಡೋದನ್ನು ಹೀಗೇ ಕಲಿಯುತ್ತಾರೆ, ಈ ವಾದಕ್ಕೆ ಪೂರ್ತಿ ಪಿರಿಯಡ್ ಹೋದರೂ ಹೋಗಲಿ.

ಆಮೇಲೆ "ಮಗು ಜೊತೆಗೆ ಹೋಗುತ್ತಾ, ಅಜ್ಜಿ ಹತ್ತಿರ ಉಳಿಯುತ್ತಾ?" ಅಂತ ಕೇಳಿ. ಇದಕ್ಕೆ ಪಾಠದಲ್ಲಿ ಖಚಿತ ಉತ್ತರ ಇಲ್ಲ. ಎರಡೂ ಇರಬಹುದು. ಕಾರಣ ಕೊಟ್ಟರೆ ಎರಡನ್ನೂ ಒಪ್ಪಿಕೊಳ್ಳಿ, ಕಾರಣ ಇಲ್ಲದೆ "ದುಬೈಗೆ ಹೋದರು" ಅಂದರೆ ಮಾತ್ರ ಮತ್ತೆ ಸಾಲಿಗೆ ಕರೆತನ್ನಿ. ಒಂದು ಎಚ್ಚರ: "ನಿಮ್ಮಪ್ಪನೂ ಗುಳೆ ಹೋಗಿದ್ದಾನಾ?" ಅಂತ ಯಾವ ಮಗುವನ್ನೂ ಎಲ್ಲರೆದುರು ಕೇಳಬೇಡಿ. ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ.

ಮಕ್ಕಳು ಇನ್ನೂ ಚಿಕ್ಕ ಜಾಗದಲ್ಲೂ ತಪ್ಪುತ್ತಾರೆ. "ಗೌರಿ ದಾರಿಯಲ್ಲಿ ಬಸವನನ್ನು ಕಂಡಳು. ಕೊಡ ಇಸಿದುಕೊಂಡ." ಇಸಿದುಕೊಂಡಿದ್ದು ಯಾರು? ಹೆಸರು ಇಲ್ಲ, 'ಕೊಂಡ' ಅನ್ನೋದನ್ನು ನೋಡಿಯೇ ಬಸವ ಅಂತ ತಿಳಿಯಬೇಕು. ಕೊಡ ಯಾರ ಕೈಲಿತ್ತು ಅಂತಲೂ ಕೇಳಿ. ದೊಡ್ಡ ಕಥೆ ಅರ್ಥ ಆಗಲಿಲ್ಲ ಅಂದಾಗ ಎಷ್ಟೋ ಸಲ ಮಗು ಸಿಕ್ಕಿಬಿದ್ದಿರೋದು ಇಂಥ ಕಡೆಯೇ.

ಹಿಮ ಬೀಳೋ ಊರಿನ ಕಥೆ ಬಂದರೆ ಮೊದಲು ಚಿತ್ರ ತೋರಿಸಿ, ಮಾತಾಡಿಸಿ. ಗೊತ್ತೇ ಇಲ್ಲದ ವಿಷಯದಲ್ಲಿ ಯಾರಿಗೂ ಊಹೆ ಬರಲ್ಲ.

ಉತ್ತರ ಮನೆಮಾತಿನಲ್ಲೇ ಬರಲಿ, ನಡುವೆ ತಿದ್ದಬೇಡಿ. ಅಕ್ಷರ ಕೂಡಿಸಿ ಓದಲು ಇನ್ನೂ ಕಷ್ಟಪಡೋ ನಲಿ-ಕಲಿ ಮಕ್ಕಳಿಗೆ (ಸರ್ಕಾರಿ ಶಾಲೆಯ ಚಿಕ್ಕ ತರಗತಿಯವರಿಗೆ) ನೀವೇ ಓದಿ ಹೇಳಿ, ಇದೇ ಪ್ರಶ್ನೆ ಕೇಳಿ. ಅವರು ಸರಾಗ ಓದೋವರೆಗೆ ಕಾಯೋದೇನೂ ಬೇಡ.