ಶಿಫ್ಟ್ ಬದಲಾಗುವಾಗಿನ ರಿಜೆಕ್ಷನ್ ಜಗಳ ಬಗೆಹರಿಸುವುದು ಹೇಗೆ

ಪೀಣ್ಯದಂಥ ಕಡೆಯ ಮಷೀನ್ ಶಾಪ್‌ಗಳಲ್ಲಿ ಮಾತಿಗೆ ಮಾತು ಬೆಳೆಯುವುದು ಹೆಚ್ಚಾಗಿ ಶಿಫ್ಟ್ ಬದಲಾಗುವ ಹೊತ್ತಿನಲ್ಲೇ. ಒಬ್ಬರು ಮನೆಗೆ ಹೊರಟಿರುತ್ತಾರೆ, ಇನ್ನೊಬ್ಬರು ಬಂದು ತೆಗೆದ ಮೊದಲ ಪೀಸೇ ಅಳತೆ ತಪ್ಪಿ ರಿಜೆಕ್ಟ್ ಆಗಿರುತ್ತದೆ.

ಮಾಮೂಲಿ ಪ್ರಸಂಗವೊಂದನ್ನು ನೋಡಿ. ಡ್ರಾಯಿಂಗ್‌ನಲ್ಲಿ ಬೋರ್ (ಪೀಸಿನೊಳಗೆ ಕೊರೆಯುವ ರಂಧ್ರ) 25 ಎಚ್7, ಅಂದರೆ ಅದರ ವ್ಯಾಸ 25.000ರಿಂದ 25.021 ಮಿ.ಮೀ. ಒಳಗಿರಬೇಕು. ಇನ್ಸರ್ಟ್, ಅಂದರೆ ಟೂಲಿನ ತುದಿಯ ಕತ್ತರಿಸುವ ಬಿಲ್ಲೆ, ಸವೆದಂತೆಲ್ಲ ಬೋರ್ ಕಿರಿದಾಗುತ್ತದೆ. ಅದನ್ನು ಸರಿದೂಗಿಸಲು ಆಪರೇಟರ್ ವೇರ್ ಆಫ್‌ಸೆಟ್ (ಸವೆತಕ್ಕೆ ತಕ್ಕಂತೆ ಮಷೀನಿಗೆ ಕೊಡುವ ತಿದ್ದುಪಡಿ ಅಳತೆ) ಏರಿಸುತ್ತಾ 0.030ಕ್ಕೆ ತಂದಿರುತ್ತಾನೆ. ಮುಂದಿನವನಿಗೆ ತೊಂದರೆಯಾಗದಿರಲೆಂದು ಹೊಸ ಇನ್ಸರ್ಟ್ ಹಾಕಿ ಹೋಗುತ್ತಾನೆ, ಆಫ್‌ಸೆಟ್ ಸೊನ್ನೆ ಮಾಡಲು ಮರೆಯುತ್ತಾನೆ. ಬೋರ್ 25.040 ಬರುತ್ತದೆ. ಕಿರಿದಾಗಿದ್ದರೆ ಮತ್ತೆ ಕೊರೆಯಬಹುದಿತ್ತು, ಹಿಗ್ಗಿದ್ದು ಗುಜರಿಗೇ. "ಬೇಕಂತಲೇ ಮಾಡಿಟ್ಟು ಹೋಗಿದ್ದಾನೆ" ಅನ್ನೋ ಮಾತು ಹುಟ್ಟುವುದು ಇಲ್ಲೇ.

ಮೊದಲು ಮಷೀನ್ ನಿಲ್ಲಿಸಿ. ರಂಧ್ರ ಅಳೆಯುವ ಬೋರ್ ಗೇಜನ್ನು ನಿಖರ ಅಳತೆಯ ಸೆಟ್ಟಿಂಗ್ ರಿಂಗ್‌ನಲ್ಲಿ ಸೊನ್ನೆಗೆ ತಂದು, ಅದೇ ಗೇಜಿನಿಂದ ಇಬ್ಬರೂ ಅಳೆಯಿರಿ. ಬೇರೆ ಬೇರೆ ಗೇಜ್ ಹಿಡಿದು ವಾದಿಸಿದರೆ ಅದು ಮುಗಿಯುವುದೇ ಇಲ್ಲ. ಆಮೇಲೆ ಆಫ್‌ಸೆಟ್ ಪುಟ ತೆರೆದು ನೋಡಿ.

ಹೇಳುವಾಗ "ನೀನು ಯಾವಾಗ್ಲೂ ಹಿಂಗೇ" ಬೇಡ. "ಗುರು, ಮೊದಲ ಪೀಸ್ 25.040 ಬಂತು, ವೇರ್‌ನಲ್ಲಿ 0.030 ಹಾಗೇ ಇದೆ, ಇನ್ಸರ್ಟ್ ಯಾವಾಗ ಹಾಕಿದ್ದು?" ಅನ್ನಿ. ಇದಕ್ಕೆ ಉತ್ತರ ಕೊಡಬಹುದು; "ಯಾವಾಗ್ಲೂ" ಅಂದರೆ ತಿರುಗಿ ಬೈಯುವುದು ಬಿಟ್ಟು ಬೇರೆ ದಾರಿಯಿಲ್ಲ. ರಿಜೆಕ್ಟ್ ಪೀಸಿನ ಫೋಟೋವನ್ನು ಹೆಸರು ಸಮೇತ ವಾಟ್ಸಾಪ್ ಗ್ರೂಪಿಗೆ ಹಾಕಲೇಬೇಡಿ. ನಾಲ್ಕು ಜನರ ಮುಂದೆ ಮಾನ ಹೋದಮೇಲೆ ತಪ್ಪು ಒಪ್ಪಿಕೊಳ್ಳುವವರು ಯಾರು?

ಸೂಪರ್‌ವೈಸರ್ ಆದವರು ಒಬ್ಬೊಬ್ಬರನ್ನೇ ಕರೆದು ವಿಚಾರಿಸಬಾರದು, ಅದು ಚಾಡಿ ಕೇಳಿದಂತಾಗುತ್ತದೆ. ಇಬ್ಬರನ್ನೂ ಮಷೀನ್ ಮುಂದೆಯೇ ನಿಲ್ಲಿಸಿ ಕೇಳಿ. ಊರು, ಜಾತಿ, ಭಾಷೆ ಬಾಯಿಗೆ ಬಂದರೆ ಅಲ್ಲಿಗೇ ತಡೆಯಿರಿ.

ಮತ್ತೆ ಆಗದಿರಬೇಕಾದರೆ ಎರಡು ಶಿಫ್ಟ್ ಹತ್ತು ನಿಮಿಷ ಒಟ್ಟಿಗಿರಬೇಕು. ಲಾಗ್ ಬುಕ್‌ನಲ್ಲಿ ಕೊನೆಯ ಪೀಸಿನ ಅಳತೆ, ಈಗಿನ ಆಫ್‌ಸೆಟ್, ಇನ್ಸರ್ಟ್ ಬದಲಿಸಿದ ಸಮಯ, ರಿಜೆಕ್ಟ್ ಎಷ್ಟು ಎಂಬುದನ್ನು ಬರೆದು ಇಬ್ಬರೂ ಸಹಿ ಹಾಕಲಿ.

ಜನ ರಿಜೆಕ್ಟ್ ಪೀಸ್ ಬಚ್ಚಿಡುವುದು ಸಂಬಳ ಹಿಡಿಯುತ್ತಾರೆಂಬ ಭಯಕ್ಕೆ. ನಷ್ಟಕ್ಕೆ ಸಂಬಳ ಕತ್ತರಿಸಲು ಕೆಲಸಗಾರನ ನಿರ್ಲಕ್ಷ್ಯವೇ ಕಾರಣವಾಗಿರಬೇಕು, ಅವನಿಗೆ ವಿವರಣೆ ಕೊಡಲು ಅವಕಾಶವನ್ನೂ ಕೊಟ್ಟಿರಬೇಕು ಎನ್ನುತ್ತದೆ ಕಾನೂನು. ಇದನ್ನು ಎಲ್ಲರಿಗೂ ಬಾಯಿಬಿಟ್ಟು ಹೇಳಿ.

ಲೈಂಗಿಕ ಕಿರುಕುಳವನ್ನು ಮಾತ್ರ ಹೀಗೆ ಕೂತು ರಾಜಿ ಮಾಡಿಸುವ ಜಗಳವೆಂದು ತಿಳಿಯಬೇಡಿ. 2013ರ ಕಾಯ್ದೆ ಪ್ರಕಾರ 10 ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ನೊಂದ ಹೆಣ್ಣುಮಗಳು ಘಟನೆ ನಡೆದ 3 ತಿಂಗಳೊಳಗೆ ಅಲ್ಲಿಗೆ ಲಿಖಿತ ದೂರು ಕೊಡಬಹುದು.